ಯಾತೆಂಗಾದ ಬರಡು ನೆಲ ಮತ್ತು ಮೋಸಿ ರೈತರು: ಅಧ್ಯಯನ ಟಿಪ್ಪಣಿ

ಸಾಹೇಲ್ ಎಂಬ ಅರಬ್ಬಿ ಮೂಲದ ಪದಕ್ಕೆ ದಡ ಎಂದರ್ಥ. ಸಹಾರಾ ಎಂಬ ಮರಳಿನ ಕಡಲಿಗೆ ಇದು ದಕ್ಷಿಣದ ದಡ. ಈ ಪಟ್ಟಿ ಬಹಳ ವಿಶಾಲವಾದುದರಿಂದ ಇಲ್ಲಿ ಬುರ್ಕಿನಾ ಫಾಸೋದ ಉತ್ತರಕ್ಕಿರುವ ಯಾತೆಂಗಾ ಸೀಮೆಯನ್ನಷ್ಟೇ ನೋಡೋಣ. ಅಲ್ಲಿನ ಬಹುಸಂಖ್ಯಾತ ರೈತರು ಮೋರೆ ಭಾಷೆಯನ್ನಾಡುವ ಮೋಸಿ ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಸುಮಾರು 400ರಿಂದ 700 ಮಿಲಿಮೀಟರ್ ಮಳೆಯನ್ನೇ ನಂಬಿ ಅವರು ಸಜ್ಜೆ, ಜೋಳ ಬೆಳೆಯುತ್ತಾರೆ. ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತಿರುವಿ, ಬೆಂಡೆಯಂಥ ಲೋಳೆಯ ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ನಮ್ಮ ಉತ್ತರ ಕರ್ನಾಟಕದ ರೊಟ್ಟಿಗೆ ಬರುವ ಸಜ್ಜೆಯ ತವರೂ ಇದೇ ಸಾಹೇಲ್ ಎಂಬುದನ್ನು ನೆನಪಿಟ್ಟರೆ ಈ ಊರುಗಳು ಅಷ್ಟೊಂದು ದೂರವೆನಿಸುವುದಿಲ್ಲ.

ಮೋಸಿ ಹಳ್ಳಿಯಲ್ಲಿ ಆಳುವ ಅಧಿಕಾರ ನಾಬಾ ಎಂಬ ಒಡೆಯನದು, ನೆಲದ ಪೂಜೆ ಮತ್ತು ಅದರ ಕಟ್ಟುಕಟ್ಟಳೆ ತೆಂಗ್‌ಸೋಬಾ ಎಂಬ ಪೂಜಾರಿಯದು. ಜಮೀನು ವಂಶಕ್ಕೆ ಸೇರಿದ್ದು. ಮನೆಯ ಹೆಂಗಸರು ದೊಡ್ಡ ಹೊಲದಲ್ಲಿ ದುಡಿದ ಮೇಲೆ ತಮ್ಮ ಪಾಲಿಗೆ ಬಿಟ್ಟುಕೊಟ್ಟ ತುಂಡು ನೆಲದಲ್ಲಿ ಶೇಂಗಾದಂಥ ಬೆಳೆ ತೆಗೆಯುತ್ತಾರೆ. ಸುಗ್ಗಿ ಮುಗಿದ ಹೊಲಕ್ಕೆ ಫುಲಾನಿ ದನಗಾಹಿಗಳು ಮಂದೆ ತಂದು ಮೇಯಿಸುತ್ತಿದ್ದುದರಿಂದ ದನಕ್ಕೆ ಕೂಳೆ, ಹೊಲಕ್ಕೆ ಗೊಬ್ಬರ ಸಿಗುತ್ತಿತ್ತು.

1895ರಲ್ಲಿ ಯಾತೆಂಗಾ ಫ್ರೆಂಚರ ರಕ್ಷಣೆಗೆ ಒಳಪಟ್ಟ ಬಳಿಕ ಈ ಬಾಳುವೆ ಸಡಿಲಗೊಂಡಿತು. ತಲೆಗಂದಾಯವನ್ನು ಹಣದಲ್ಲೇ ಕಟ್ಟಬೇಕಾಯಿತು, ಬಿಟ್ಟಿ ದುಡಿಮೆಯೂ ಹೇರಲ್ಪಟ್ಟಿತು. 1932ರಲ್ಲಿ ಅಪ್ಪರ್ ವೋಲ್ಟಾ (ಇಂದಿನ ಬುರ್ಕಿನಾ ಫಾಸೋ) ವಸಾಹತನ್ನೇ ಒಡೆದು ನೆರೆಯ ವಸಾಹತುಗಳಿಗೆ ಹಂಚಿದರು. 1947ರಲ್ಲಿ ಅದನ್ನು ಮತ್ತೆ ಒಗ್ಗೂಡಿಸಲಾಯಿತು. ಗಂಡಾಳುಗಳು ಐವರಿ ಕೋಸ್ಟ್ ಮತ್ತು ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ತೋಟಗಳಿಗೆ ಗುಳೆ ಹೋಗುವುದು ರೂಢಿಯಾದದ್ದು ಈ ಕಾಲದಲ್ಲೇ. ಆದುದರಿಂದ ಯಾತೆಂಗಾದ ಸಂಕಟವನ್ನು 1968–73ರ ಬರಗಾಲದಿಂದ ಆರಂಭಿಸಿ ಹೇಳುವುದು ನನ್ನ ದೃಷ್ಟಿಯಲ್ಲಿ ಅರೆಬರೆ ಓದು. ಜನಸಂಖ್ಯೆ ಏರಿ, ನೆಲವನ್ನು ಬೀಳು ಬಿಡುವ ಪದ್ಧತಿ ಕುಗ್ಗಿ, ದುಡಿಯುವ ಕೈಗಳು ಹೊರಗೆ ಹೋಗಿದ್ದಾಗ ಆ ಬರ ಬಂದೆರಗಿತು.

ಬರದಲ್ಲಿ ಹೊಲಗಳು ‘ಜಿಪೆಲೆ’ ಆದವು. ಹೆಪ್ಪುಗಟ್ಟಿ ಗಡುಸಾದ, ಮಳೆನೀರು ಇಂಗದೆ ಜಾರಿಹೋಗುವ ಬೋಳು ನೆಲಕ್ಕೆ ಮೋರೆಯಲ್ಲಿ ಇರುವ ಹೆಸರದು. ಇದಕ್ಕೆ ರೈತರು ಕಂಡುಕೊಂಡ ಮದ್ದು ಹಳೆಯದೇ ಆದ ‘ಜಾಯಿ’ ಗುಂಡಿ. ಬೇಸಗೆಯಲ್ಲಿ, ‘ದಾಬಾ’ ಎಂಬ ಗುದ್ದಲಿಯಿಂದ 20ರಿಂದ 40 ಸೆಂಟಿಮೀಟರ್ ಅಗಲದ, 10ರಿಂದ 20 ಸೆಂಟಿಮೀಟರ್ ಆಳದ ಗುಂಡಿಗಳನ್ನು ತೋಡಿ, ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಏರಿಸಿ, ಒಳಗೆ ಹಿಡಿಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಗೆದ್ದಲು ಮುತ್ತುತ್ತದೆ. ನಾವು ಬೆಳೆಗೆ ವೈರಿಯೆಂದು ಬಗೆಯುವ ಈ ಹುಳು ಅಲ್ಲಿ ಕೂಲಿಯಿಲ್ಲದ ಆಳು: ಅದು ಕೊರೆದ ಸುರಂಗಗಳ ಮೂಲಕವೇ ಮೊದಲ ಮಳೆಯ ನೀರು ಕೆಳಗಿಳಿಯುತ್ತದೆ, ಬಿತ್ತಿದ ಕಾಳು ತೇವ ಹಿಡಿದು ಮೊಳೆಯುತ್ತದೆ. ಆದರೆ ಒಂದು ಹೆಕ್ಟೇರಿಗೆ ಕಡಿಮೆಯೆಂದರೂ 300 ಗಂಟೆಗಳ ಅಗೆತ ಬೇಕು. ಗೊಬ್ಬರ ಹೊರುವ ಕೆಲಸ ಬೇರೆ.

ಗೂರ್ಗಾ ಗ್ರಾಮದ ಯಾಕೂಬಾ ಸವಡೋಗೋ 1980ರ ಹೊತ್ತಿಗೆ ಈ ಗುಂಡಿಯನ್ನು ದೊಡ್ಡದು ಮಾಡಿ, ಗೊಬ್ಬರ ತುಂಬಿ, ಬೇಸಗೆಯಲ್ಲೇ ತೋಡತೊಡಗಿದಾಗ ಊರಿನವರು ಹುಚ್ಚನೆಂದರು. ಗೊಬ್ಬರದೊಡನೆ ಬಂದ ಬೀಜಗಳಿಂದ ಎದ್ದ ಗಿಡಗಳನ್ನು ಆತ ಕೀಳದೆ ಉಳಿಸಿ, ಕಾಡನ್ನೇ ಬೆಳೆಸಿದ. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದು, 2023ರಲ್ಲಿ ತೀರಿಕೊಂಡ. 1979ರಿಂದ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆಯ ಯೋಜನೆಯೊಂದು, ಹರಿದುಹೋಗುವ ಮಳೆನೀರನ್ನು ತಡೆದು ನಿಧಾನಿಸುವ ಕಲ್ಲುಸಾಲುಗಳನ್ನು ಇದೇ ಸೀಮೆಯಲ್ಲಿ ಹರಡಿತು. ಗಿಡ ನೆಡಿಸಲೆಂದು ಹೊರಟ ಯೋಜನೆ, ರೈತರು ಆ ನೀರನ್ನು ಸಜ್ಜೆ ಜೋಳಕ್ಕೇ ತಿರುಗಿಸಿಕೊಂಡದ್ದನ್ನು ಕಂಡು ದಾರಿ ಬದಲಿಸಿತು. ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡು ತುದಿಗಳನ್ನು ಎರಡು ಕೋಲಿಗೆ ಕಟ್ಟಿದರೆ ಮಟ್ಟ ನೋಡುವ ಉಪಕರಣ ಸಿದ್ಧ; ಅಕ್ಷರ ಬಾರದವರೂ ಅದನ್ನು ಹಿಡಿದು ಕಲ್ಲು ಜೋಡಿಸಬೇಕಾದ ಸಮಪಾತಳಿ ಗುರುತಿಸಿದರು. ಈ ಸಾಲು ನಮ್ಮ ಮಣ್ಣಿನ ಒಡ್ಡಿನಂತೆ ನೀರನ್ನು ಕಟ್ಟಿಹಾಕದೆ ಕಲ್ಲುಗಳ ಸಂದಿನಿಂದ ನಿಧಾನವಾಗಿ ಬಿಡುತ್ತದೆ.

ಓದುವಾಗ ನಮ್ಮ ಗಮನ ತಪ್ಪಿಸಿಕೊಳ್ಳುವ ಸಂಗತಿ ನೆಲದ ಹಕ್ಕು. ಮರ ನೆಡುವುದೆಂದರೆ ಒಡೆತನ ಸಾರಿದಂತೆ. ಹಾಗಾಗಿ ಎರವಲು ಹೊಲ ಮಾಡುವವನಿಗೆ ಸಾಮಾನ್ಯವಾಗಿ ಆ ಅವಕಾಶವಿಲ್ಲ, ಹೆಂಗಸರಿಗಂತೂ ಇನ್ನೂ ಕಷ್ಟ. ಸವಡೋಗೋನ ಕಾಡಿಗೂ ಇದೇ ಕುತ್ತು ಬಂತು: ವಾಹಿಗೂಯಾ ಪಟ್ಟಣ ಬೆಳೆದು ಆತನ ನೆಲದವರೆಗೆ ಬಂದಾಗ, ಅದರ ಭಾಗಗಳನ್ನು ಮನೆ ನಿವೇಶನಗಳಾಗಿ ಅಳೆದು ಹಂಚಲಾಯಿತು.