ನಮ್ಮಣ್ಣ ಮೇಷ್ಟ್ರು, ಸರ್ಕಾರಿ ನೌಕರ ಅಲ್ವಾ ಸಾರ್?

ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಹತ್ತಿರ ಆಗಾಗ ಯಾರಾದರೂ ಬಂದು, "ಸಾರ್, ದಿಲ್ಲಿ ಮಾನವ ಹಕ್ಕು ಆಯೋಗಕ್ಕೆ ಒಂದು ಅರ್ಜಿ ಬರ್ಕೊಡಿ" ಅನ್ನುತ್ತಾರೆ. ಏನಾಯ್ತು ಅಂದರೆ, ದಾಯಾದಿ ಬದು ಒತ್ತರಿಸಿದ, ಬಾಡಿಗೆಯವನು ಮನೆ ಬಿಡುತ್ತಿಲ್ಲ, ಚೀಟಿ ದುಡ್ಡು ಮುಳುಗಿತು. ಅನ್ಯಾಯವೇ, ಇಲ್ಲ ಅನ್ನಲ್ಲ. ಆದರೆ ಅದು ಆಯೋಗದ ಕೆಲಸ ಅಲ್ಲ.

ನಾನು ಕೇಳುವುದು ಒಂದೇ: ಮಾಡಿದ್ದು ಯಾರು? 1993ರ ಮಾನವ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಹಕ್ಕು ಮುರಿದವನು ಸರ್ಕಾರಿ ನೌಕರ ಆಗಿರಬೇಕು. ಇಲ್ಲವೇ ಬೇರೆಯವರು ಮುರಿಯುವಾಗ ತಡೆಯಬೇಕಾದ ನೌಕರ ಅಸಡ್ಡೆ ಮಾಡಿರಬೇಕು. ಪೊಲೀಸ್ ಠಾಣೆ, ಜೈಲು, ಸರ್ಕಾರಿ ಆಸ್ಪತ್ರೆ, ಇಂಥ ಕಡೆ. ಇಷ್ಟು ಹೇಳಿದ ಮೇಲೂ ಒಬ್ಬರು, "ನಮ್ಮಣ್ಣ ಮೇಷ್ಟ್ರು ಸಾರ್, ಸರ್ಕಾರಿ ಸಂಬಳ!" ಅಂದರು. ಬದು ಒತ್ತರಿಸಿದ್ದು ಮೇಷ್ಟ್ರಾಗಿ ಅಲ್ಲ ಸ್ವಾಮಿ, ಅಣ್ಣನಾಗಿ.

ಆಯೋಗ ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕೊಟ್ಟು ಕರೆಸಬಹುದು, ಕಡತ ತರಿಸಬಹುದು. ಕೊನೆಗೆ ಮಾಡುವುದು ಶಿಫಾರಸು: ಪರಿಹಾರ ಕೊಡಿ, ಕೇಸು ಹಾಕಿ ಅಂತ. ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಕಾರಿನ ಮೇಲೆ 'ಮಾನವ ಹಕ್ಕು' ಅಂತ ಬೋರ್ಡು ಹಾಕಿಕೊಂಡು ಓಡಾಡುವ ಸಂಘದವರಂತೂ ಆಯೋಗವೇ ಅಲ್ಲ. ಅವರಿಗೆ ದುಡ್ಡು ಕೊಟ್ಟು ಬರಬೇಡಿ. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು.

ಮದ್ದೂರು ಕಡೆಯ ಯಜಮಾನರೊಬ್ಬರು ಯೂರಿಯಾ ಚೀಲದಲ್ಲಿ ಪಹಣಿ, ನಕ್ಷೆ ಎಲ್ಲ ತುಂಬಿಕೊಂಡು ಬಂದಿದ್ದರು. ಅದೇ ಬದು ಜಗಳ. ಸಿವಿಲ್ ಕೇಸು ಹಾಕೋಣ ಅಂದೆ. ಚೀಲ ಕಟ್ಟುತ್ತಾ, "ಟೇಸನ್ನಾಗೆ ಎರಡು ದಿನ ಕೂರ್ಸಿ ಹೊಡುದ್ರು, ಅದ್ ಬಿಡಿ" ಅಂದರು.

"ಯಜಮಾನ್ರೇ, ಕೂತ್ಕೊಳ್ಳಿ. ಕೇಸು ಬರ್ಕೊಂಡಿದ್ರಾ? ಕೋರ್ಟಿಗೆ ಕರ್ಕೊಂಡು ಹೋದ್ರಾ?"

"ಯಾವ ಕೇಸೂ ಇಲ್ಲ. ಟೇಸನ್ನು ಅಂದ್ಮೇಲೆ ಅಷ್ಟೂ ಇರಲ್ವಾ?"

ಆಯೋಗಕ್ಕೆ ಬರೆಯಬೇಕಾದ್ದು ಇದೇ ಆಗಿತ್ತು. ಮೂರು ವರ್ಷದ ಬದು ಜಗಳವನ್ನು ತಾರೀಖು ಸಮೇತ ಹೇಳಿದ ಮನುಷ್ಯ ಇದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಬೇರೆ ದಾರಿ ಇರಬಹುದು, ಅದು ಕೇಸು ನೋಡಿ ಹೇಳುವ ಮಾತು. ಯಾವಾಗ ಆಗಿದ್ದು ಅಂತ ಕೇಳಿದೆ.

"ಹೋದೊರ್ಸದ ಗೌರಿ ಹಬ್ಬದ ಹಿಂದಿನ್ ವಾರ."

ಹೊರಗೆ ಹುಡುಗರು ದೀಪಾವಳಿಯ ಪಟಾಕಿ ಹೊಡೆಯುತ್ತಿದ್ದರು. ನಾನು ಬೆರಳು ಮಡಿಸಿ ತಿಂಗಳು ಎಣಿಸಿದೆ. ಆಮೇಲೆ ಇನ್ನೊಂದು ಸಲ ಎಣಿಸಿದೆ.