ಅರ್ಧ ಮನೆಗೆ ಸೂಜಿ

"ಇಲಿ ಬಿದ್ದಿದೆಯಂತೆ." ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ಈ ಎರಡು ಪದ ಕಿವಿಗೆ ಬಿದ್ದರೆ ಸಾಕಿತ್ತು, ಜನ ಗಂಟುಮೂಟೆ ಕಟ್ಟುತ್ತಿದ್ದರು. ಸೂರಿನಿಂದ ಇಲಿ ದೊಪ್ಪನೆ ಬಿದ್ದು ಸತ್ತರೆ ಮುಂದಿನ ಸರದಿ ಮನುಷ್ಯರದು ಅಂತ ಎಲ್ಲರಿಗೂ ಗೊತ್ತಿತ್ತು. ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಊರಾಚೆ ಹೋಗುತ್ತಿದ್ದರು. ಹೊಲದಲ್ಲೋ ತೋಪಿನಲ್ಲೋ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಫ್ರಾನ್ಸಿನ ಡಾಕ್ಟರ್ ಸೈಮಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದು 1898ರಲ್ಲಿ. ಉಳಿದ ಡಾಕ್ಟರುಗಳು ಅದನ್ನು ಒಪ್ಪುವುದಕ್ಕೆ ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರ ಚರಂಡಿಗೆ ಔಷಧಿ ಸುರಿಯುತ್ತಿತ್ತು, ಗೋಡೆಗೆ ಸುಣ್ಣ ಬಳಿಯುತ್ತಿತ್ತು. ಊರು ಬಿಟ್ಟು ಹೋಗುತ್ತಿದ್ದ ರೈತನೇ ಸರಿಯಾದ ಕೆಲಸ ಮಾಡುತ್ತಿದ್ದ!

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣ ಇದೆ. ಪ್ಲೇಗಿನ ಚುಚ್ಚುಮದ್ದಿನ ಕತೆ ಹೇಳುವವರು ಸಾಮಾನ್ಯವಾಗಿ ಒಂದು ಕಡೆ ದೊಡ್ಡ ವಿಜ್ಞಾನಿಯನ್ನು ನಿಲ್ಲಿಸುತ್ತಾರೆ, ಇನ್ನೊಂದು ಕಡೆ ಹೆದರುಪುಕ್ಕಲು ಹಳ್ಳಿಯವರನ್ನು. ಜನ ಸೂಜಿಗೆ ಹೆದರಿದ್ದು ನಿಜ. ಆದರೆ ಸುಮ್ನೆ ಹೆದರಿರಲಿಲ್ಲ.

ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿದ್ದು 1896ರ ಸೆಪ್ಟೆಂಬರಿನಲ್ಲಿ. ಸರ್ಕಾರಕ್ಕೆ ಗಾಬರಿಯಾಯಿತು, ಅದರಲ್ಲೂ ವ್ಯಾಪಾರ ನಿಂತುಹೋದೀತು ಅಂತ. ರೋಗಿಗಳನ್ನು ಮನೆಯಿಂದ ಎತ್ತಿಕೊಂಡು ಹೋಗುವುದು, ಉಳಿದವರನ್ನು ಶಿಬಿರಕ್ಕೆ ಸಾಗಿಸುವುದು, ಹಾಸಿಗೆ ಬಟ್ಟೆ ಸುಡುವುದು, ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರ ಕಂಕುಳು ಮುಟ್ಟಿ ಗೆಡ್ಡೆ ಇದೆಯಾ ಅಂತ ನೋಡುವುದು, ಎಲ್ಲಾ ಶುರುವಾಯಿತು. 1897ರ ಫೆಬ್ರವರಿಯಲ್ಲಿ ಇದಕ್ಕೆಲ್ಲ ಒಂದು ಕಾಯ್ದೆಯೂ ಬಂತು. 2020ರಲ್ಲಿ ಕೊರೋನಾ ಬಂದಾಗ ಕರ್ನಾಟಕ ಸರ್ಕಾರ ನಿಯಮಗಳನ್ನು ಹೊರಡಿಸಿದ್ದು ಇದೇ ಕಾಯ್ದೆಯ ಕೆಳಗೆ! ಪುಣೆಯಲ್ಲಿ ಸೋಲ್ಜರುಗಳೇ ಮನೆಮನೆಗೆ ನುಗ್ಗಿದರು. ಅದರ ಸಿಟ್ಟಿಗೆ 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಮರುವರ್ಷ ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲೂ ಪ್ಲೇಗ್ ಗಲಭೆ ಆಯಿತು.

ಗಾಳಿಸುದ್ದಿಗಳಿಗಂತೂ ಲೆಕ್ಕವೇ ಇರಲಿಲ್ಲ. ಬೊಂಬಾಯಿಯಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದಿದ್ದರು. ಅದಕ್ಕೆ ಸೇಡು ತೀರಿಸಿಕೊಳ್ಳಲು ಆಸ್ಪತ್ರೆಗೆ ಹೋದವರ ಅಂಗಾಂಗ ಕಿತ್ತು ರಾಣಿಗೆ ಕಳಿಸುತ್ತಾರೆ ಅಂತ ಜನ ಮಾತಾಡಿಕೊಂಡರು. ಸೂಜಿ ಗಜದುದ್ದ ಇದೆ, ಚುಚ್ಚಿದ ತಕ್ಷಣ ಸಾಯುತ್ತೀರಿ, ಬದುಕಿದರೂ ಗಂಡಸುತನ ಹೋಗುತ್ತದೆ ಅನ್ನುವುದು ಇನ್ನೊಂದು. ಆಸ್ಪತ್ರೆಗೆ ಹೋದವರಲ್ಲಿ ವಾಪಸ್ ಬರುತ್ತಿದ್ದವರು ತೀರಾ ಕಡಿಮೆ. ಹಾಗಿರುವಾಗ ಒಳಗೆ ಏನು ಮಾಡುತ್ತಾರೋ ಅನ್ನುವ ಅನುಮಾನ ಬರದೆ ಇರುತ್ತಾ? 1896ರ ಅಕ್ಟೋಬರಿನಲ್ಲಿ ಮಿಲ್ ಕೂಲಿಕಾರರು ಆರ್ಥರ್ ರೋಡ್ ಆಸ್ಪತ್ರೆಗೇ ನುಗ್ಗಿದರು.

ಇಂಥ ಊರಿನಲ್ಲಿ ಸೂಜಿ ಹಿಡಿದು ನಿಂತವನು ವಾಲ್ಡೆಮಾರ್ ಹಾಫ್ಕಿನ್. 1860ರಲ್ಲಿ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಓದಿದ್ದು ಪ್ರಾಣಿಶಾಸ್ತ್ರ, ಡಾಕ್ಟರಿಕೆಯಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ಸಿಕ್ಕಿದ್ದು ಲೈಬ್ರರಿಯಲ್ಲಿ ಸಹಾಯಕನ ಕೆಲಸ. ಅಲ್ಲಿದ್ದುಕೊಂಡೇ ಕಾಲರಾಕ್ಕೆ ಲಸಿಕೆ ತಯಾರಿಸಿದ. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡಿದ್ದು ತನ್ನ ಮೈಗೇ. ಆಮೇಲೆ ಮೂವರು ಗೆಳೆಯರಿಗೆ.

ಕಾಲರಾ ಜಾಸ್ತಿ ಇರುವ ಜಾಗ ಬೇಕಿತ್ತು. ಸಯಾಮಿಗೆ (ಈಗಿನ ಥಾಯ್ಲೆಂಡ್) ಹೋಗುವ ಯೋಚನೆ ಇತ್ತು. ಪ್ಯಾರಿಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಮುಂಚೆ ಇಲ್ಲಿ ವೈಸರಾಯ್ ಆಗಿದ್ದವನು, ಇಂಡಿಯಾಕ್ಕೆ ಹೋಗು ಅಂದ. 1893ರಲ್ಲಿ ಹಾಫ್ಕಿನ್ ಬಂದಿಳಿದ. ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೆ ಅವನು ರಷ್ಯಾದವನು, ಅಂದರೆ ಗೂಢಚಾರ ಇದ್ದರೂ ಇರಬಹುದು. ಡಾಕ್ಟರುಗಳ ಕಣ್ಣಿಗೆ ಡಿಗ್ರಿ ಇಲ್ಲದವನು. ಜನರ ಕಣ್ಣಿಗೆ ಇನ್ನೊಬ್ಬ ಬಿಳಿಯ. ಹೀಗೆ ಮೂರೂ ಕಡೆಯಿಂದ ಹೊರಗಿನವನು.

ಕಲ್ಕತ್ತೆಯ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಮೊದಮೊದಲು ಕಲ್ಲೇಟು ಬಿತ್ತು. ಗುಂಪಿನ ಎದುರೇ ಅಂಗಿ ಎತ್ತಿ ಚುಚ್ಚಿಸಿಕೊಂಡ ಅನ್ನುವ ಕತೆ ಪ್ರಸಿದ್ಧ. ಆದರೆ ಜನ ಬಂದಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಅವನ ಜೊತೆಗಿದ್ದ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ನಾಲ್ವರು ಬಂಗಾಳಿ ಡಾಕ್ಟರುಗಳು ಅಂತ ನನಗನಿಸುತ್ತದೆ. ಅವರು ಜನರ ಭಾಷೆಯಲ್ಲೇ ಮಾತಾಡಬಲ್ಲವರಾಗಿದ್ದರು. ಕೂಲಿಯವರು ಕೆಲಸಕ್ಕೆ ಹೊರಡುವ ಮುಂಚೆ, ಬೆಳಗಿನ ಜಾವವೇ ಹೋಗಿ ಕೂರುತ್ತಿದ್ದರು. ಸಂಜೆ ಅವರು ಬಂದ ಮೇಲೆ ಎಣ್ಣೆ ದೀಪದ ಬೆಳಕಿನಲ್ಲಿ ಮತ್ತೆ ಕೆಲಸ. 1894ರಲ್ಲಿ ಕಾಠಾಲ್ ಬಾಗಾನ್ ಎಂಬ ಬಸ್ತಿಯಲ್ಲಿ ಸುಮಾರು 200 ಜನರ ಪೈಕಿ 116 ಜನ ಚುಚ್ಚಿಸಿಕೊಂಡರು. ಆಮೇಲೆ 10 ಜನಕ್ಕೆ ಕಾಲರಾ ಬಂತು, 7 ಜನ ಸತ್ತರು. ಹತ್ತೂ ಜನ ಚುಚ್ಚಿಸಿಕೊಳ್ಳದವರೇ. ಎರಡು ವರ್ಷಕ್ಕೆ ಚುಚ್ಚಿಸಿಕೊಂಡವರ ಲೆಕ್ಕ 40 ಸಾವಿರ ದಾಟಿತು. ಅಷ್ಟರಲ್ಲಿ ಹಾಫ್ಕಿನ್ ಮಲೇರಿಯಾದಿಂದ ನರಳಿ ಯುರೋಪಿಗೆ ಹೋಗಬೇಕಾಯಿತು.

ವಾಪಸ್ ಬಂದವನನ್ನು 1896ರ ಅಕ್ಟೋಬರಿನಲ್ಲಿ ಪ್ಲೇಗಿನ ಕೆಲಸಕ್ಕೆ ಬೊಂಬಾಯಿಗೆ ಕರೆಸಿಕೊಂಡರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಹೊರಗೊಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು. ಕೊಟ್ಟಿದ್ದು ಇಷ್ಟೇ.

ಆ ಕೋಣೆಯಲ್ಲಿ ನಡೆದ ಕೆಲಸದಲ್ಲಿ ನಮ್ಮ ಅಡಿಗೆಮನೆಯ ಒಂದು ವಸ್ತು ಇದೆ. ಪ್ಲೇಗಿನ ರೋಗಾಣುಗಳನ್ನು ಬೆಳೆಸುವುದಕ್ಕೆ ಮಾಂಸದ ತಿಳಿಸಾರು ಬೇಕು. ದನದ್ದೂ ಬೇಡ, ಹಂದಿಯದೂ ಬೇಡ ಅಂತ ಮೇಕೆ ಮಾಂಸ ಆರಿಸಿಕೊಂಡ. ಗಾಜಿನ ಬುರುಡೆಯಲ್ಲಿ ಸಾರು ತುಂಬಿ ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟ. ತುಪ್ಪ ತೇಲುತ್ತದಲ್ಲ, ಆ ಹನಿಗಳ ತಳಕ್ಕೆ ರೋಗಾಣುಗಳು ಅಂಟಿಕೊಂಡು ಆಲದ ಬಿಳಲಿನ ಹಾಗೆ ಕೆಳಕ್ಕೆ ಇಳಿಯುತ್ತಾ ಬೆಳೆಯುತ್ತವೆ. ಬುರುಡೆ ಅಲ್ಲಾಡಿಸಿದರೆ ಬಿಳಲು ಉದುರಿ ತಳ ಸೇರುತ್ತದೆ, ಮತ್ತೆ ಹೊಸದು ಇಳಿಯುತ್ತದೆ. ಹೀಗೆ ಐದಾರು ವಾರ. ಆಮೇಲೆ ಬುರುಡೆಯನ್ನು 65 ರಿಂದ 70 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಲ್ಲವನ್ನೂ ಸಾಯಿಸಬೇಕು. ಕೆಡದ ಹಾಗೆ ಚೂರು ಕಾರ್ಬಾಲಿಕ್ ಆಸಿಡ್. ಸತ್ತ ರೋಗಾಣುವಿನ ಈ ರಸವೇ ಚುಚ್ಚುಮದ್ದು. ಇದು ರೋಗ ಬಂದ ಮೇಲೆ ವಾಸಿ ಮಾಡುವ ಔಷಧಿ ಅಲ್ಲ, ಬರದ ಹಾಗೆ ತಡೆಯುವುದು. ಅದೂ ಕೆಲವು ತಿಂಗಳ ಮಟ್ಟಿಗೆ.

1897ರ ಜನವರಿ 10. ಈ ಸಲವೂ ಮೊದಲ ಸೂಜಿ ಅವನ ಮೈಗೇ. 10 ಮಿಲಿಲೀಟರ್, ಆಮೇಲೆ ಜನಕ್ಕೆ ಕೊಟ್ಟ ಪ್ರಮಾಣಕ್ಕಿಂತ ಎಷ್ಟೋ ಜಾಸ್ತಿ. ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಜ್ವರ ಬಂತು, ಚುಚ್ಚಿದ ಜಾಗ ನೋಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ಮಾತು ಹೊರಗೆ ಬಂತು.

ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಇಷ್ಟ ಇರುವ ಕೈದಿಗಳು ಮುಂದೆ ಬರಲಿ ಅಂದರು, ಸುಮಾರು ಅರ್ಧದಷ್ಟು ಜನ ಬಂದರು. (ಜೈಲಿನಲ್ಲಿ ಕೂತವನ 'ಇಷ್ಟ' ಎಂಥದ್ದು ಅನ್ನುವ ಪ್ರಶ್ನೆ ಆಗ ಯಾರೂ ಕೇಳಲಿಲ್ಲ.) ಚುಚ್ಚಿದ ದಿನವೇ ರೋಗ ಕಾಣಿಸಿಕೊಂಡ ಕೆಲವರನ್ನು ಬಿಟ್ಟು ಲೆಕ್ಕ ಹಾಕಿದರು. ಚುಚ್ಚಿಸಿಕೊಳ್ಳದವರಲ್ಲಿ 12 ಜನಕ್ಕೆ ರೋಗ ಬಂದು 6 ಜನ ಸತ್ತಿದ್ದರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂದಿತ್ತು, ಇಬ್ಬರೂ ಬದುಕಿದರು. ಬೊಂಬಾಯಿಯ ಖೋಜಾ ಎಂಬ ಮುಸ್ಲಿಂ ಪಂಗಡದವರ ಗುರು ಆಗಾಖಾನ್ ತನ್ನ ಬಂಗಲೆಯನ್ನೇ ಕೆಲಸಕ್ಕೆ ಬಿಟ್ಟುಕೊಟ್ಟು, ಎಲ್ಲರೆದುರು ತಾನೂ ಚುಚ್ಚಿಸಿಕೊಂಡ. ಖೋಜಾಗಳು ಸಾವಿರಗಟ್ಟಲೆ ಬಂದರು.

ಸರ್ಕಾರಕ್ಕೆ ಇನ್ನೂ ಅನುಮಾನ. ಚುಚ್ಚಿಸಿಕೊಳ್ಳಲು ಬರುವವರು ಸ್ವಲ್ಪ ಅನುಕೂಲಸ್ಥರು, ಒಳ್ಳೆ ಮನೆಯಲ್ಲಿ ಇರುವವರು, ಬದುಕಿದ್ದು ಅದಕ್ಕೇ ಇರಬಹುದಲ್ಲ ಅಂದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕಿದ್ದು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ, 1898ರ ಫೆಬ್ರವರಿಯಲ್ಲಿ.

ಸುಮಾರು ಸಾವಿರ ಜನರ ಊರು. ಆಗಲೇ ಪ್ಲೇಗು ಹೊಕ್ಕಿತ್ತು. ಹಾಫ್ಕಿನ್ ಒಂದೊಂದೇ ಮನೆಯವರನ್ನು ಹೊರಗೆ ಕರೆಸಿ ನಿಲ್ಲಿಸಿದ. ಪ್ರತಿ ಮನೆಯಲ್ಲೂ ಅರ್ಧ ಜನಕ್ಕೆ ಮಾತ್ರ ಸೂಜಿ. ಅಣ್ಣನಿಗೆ ಚುಚ್ಚಿದರೆ ತಮ್ಮನಿಗಿಲ್ಲ, ಹೀಗೆ. ಎಲ್ಲರೂ ಅದೇ ಸೂರಿನ ಕೆಳಗೆ ಮಲಗುವವರು, ಅದೇ ಒಲೆಯ ಮುಂದೆ ಉಣ್ಣುವವರು. ಇನ್ನು 'ಒಳ್ಳೆ ಮನೆ' ಅನ್ನುವ ನೆಪ ಉಳಿಯಲಿಲ್ಲ. ಕೆಲವು ವಾರ ಬಿಟ್ಟು ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ರೋಗ ಹೊಕ್ಕಿದ್ದು 28 ಮನೆಗಳಿಗೆ. ಅವುಗಳಲ್ಲಿ ಚುಚ್ಚಿಸಿಕೊಂಡವರು 71 ಜನ, ಅವರಲ್ಲಿ 8 ಜನಕ್ಕೆ ರೋಗ, 3 ಸಾವು. ಚುಚ್ಚಿಸಿಕೊಳ್ಳದವರು 64 ಜನ, 27 ಜನಕ್ಕೆ ರೋಗ, 26 ಸಾವು.

ಆ ಕೊನೆಯ ಸಂಖ್ಯೆ ಇನ್ನೊಮ್ಮೆ ಓದಿ. ವಿಜ್ಞಾನಕ್ಕೆ ಅದು ಪುರಾವೆ. ಉಂಧೇರಾದ ಮನೆಗಳಲ್ಲಿ ಅದು 26 ಹೆಣ. ಇವತ್ತಾದರೆ ಇಂಥದ್ದನ್ನು ಹೀಗೆ ಮಾಡಲು ಒಪ್ಪಿಗೆ ಸಿಗುವುದು ಕಷ್ಟ. ಹಾಫ್ಕಿನ್‌ನನ್ನು ದೇವರ ಪಟದ ಹಾಗೆ ಗೋಡೆಗೆ ತೂಗುಹಾಕುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಾಗಂತ ಅಂಥ ಪುರಾವೆ ಇಲ್ಲದೆ ಆ ಸೂಜಿಯನ್ನು ಸರ್ಕಾರ ನಂಬುತ್ತಿತ್ತಾ? ನನಗೆ ಅನುಮಾನ.

ಅದೇ ವರ್ಷ ಪ್ಲೇಗು ಹುಬ್ಬಳ್ಳಿಗೆ ಬಂತು. ಧಾರವಾಡ ಜಿಲ್ಲೆ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ರೈಲ್ವೆ ವರ್ಕ್‌ಶಾಪು, ಹತ್ತಿ ಮಿಲ್ಲು ಇದ್ದ ಊರು, ದಿನವೂ ರೈಲಿನಲ್ಲಿ ಜನ ಬಂದು ಹೋಗುವ ಜಾಗ. ಲ್ಯೂಮನ್ ಎಂಬ ಡಾಕ್ಟರು ಕೆಲವೇ ತಿಂಗಳಲ್ಲಿ ಅಲ್ಲಿ 30 ಸಾವಿರಕ್ಕೂ ಜಾಸ್ತಿ ಜನಕ್ಕೆ ಚುಚ್ಚಿಸಿದ. ಆ ಕಾಲಕ್ಕೆ ಒಂದೇ ಊರಿನಲ್ಲಿ ಅಷ್ಟು ಜನ ಅಂದರೆ ದೊಡ್ಡ ಮಾತು. ಜನ ಬಂದಿದ್ದು ನಂಬಿಕೆಯಿಂದ ಮಾತ್ರ ಅಲ್ಲ ಅನ್ನುವುದನ್ನೂ ಹೇಳಬೇಕು. ಪ್ರಾಂತ್ಯದಲ್ಲಿ ಚುಚ್ಚಿಸಿಕೊಂಡವರಿಗೆ ಒಂದು ಸರ್ಟಿಫಿಕೇಟು ಕೊಡುತ್ತಿದ್ದರು. ಅದು ಕೈಯಲ್ಲಿದ್ದರೆ ಶಿಬಿರಕ್ಕೆ ಎಳೆದೊಯ್ಯುವ ಕಾಟ ಇರುತ್ತಿರಲಿಲ್ಲ. ಸೂಜಿಗಿಂತ ಶಿಬಿರವೇ ದೊಡ್ಡ ಭಯ ಅನ್ನಿಸಿದವರು ತೋಳು ಚಾಚಿದರು.

ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲೇ ಪ್ಲೇಗು ಬೆಂಗಳೂರು ಮುಟ್ಟಿತು, 1898ರ ಆಗಸ್ಟಿನಲ್ಲಿ. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಚುರುಕಾಯಿತು. ಅಲ್ಲಿನ ಅಗಲವಾದ ರಸ್ತೆಗಳ ಹಿಂದೆ ಈ ಭಯ ಇದೆ. ಜನ ತಮ್ಮ ದಾರಿಯನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಹೆಸರಿನ ಗುಡಿ ಇವತ್ತಿಗೂ ಇದೆ. ಸಿಡುಬಿಗೆ ಅಮ್ಮ ಇದ್ದಳು, ದಾಕು ಹಾಕಿಸಿಕೊಂಡ ಮೇಲೂ ಅಮ್ಮನಿಗೆ ತಂಬಿಟ್ಟು ತಪ್ಪಲಿಲ್ಲ. ಇಲ್ಲೂ ಹಾಗೇ ಆಯಿತು.

ಉಂಧೇರಾ ಹಾಫ್ಕಿನ್‌ನನ್ನು ಎತ್ತಿ ನಿಲ್ಲಿಸಿದ ಹಳ್ಳಿಯಾದರೆ ಬೀಳಿಸಿದ್ದು ಇನ್ನೊಂದು ಹಳ್ಳಿ. ಪಂಜಾಬಿನ ಮುಲ್ಕೊವಾಲ್, 1902ರ ಅಕ್ಟೋಬರ್ 30. ಅಷ್ಟರಲ್ಲಿ ಅವನ ಪ್ರಯೋಗಾಲಯ ಬೊಂಬಾಯಿಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದಿತ್ತು, ಪಂಜಾಬಿಗೆ ಲಕ್ಷಗಟ್ಟಲೆ ಡೋಸು ಹೋಗುತ್ತಿತ್ತು. ಮುಲ್ಕೊವಾಲಿನಲ್ಲಿ ಅಂದು 107 ಜನಕ್ಕೆ ಚುಚ್ಚಿದರು. ಒಂದೇ ಬಾಟಲಿಯಿಂದ, 53-ಎನ್ ಎಂಬ ಗುರುತಿನ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನಕ್ಕೆ ಒಂದು ವಾರದಲ್ಲಿ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಹತ್ತೊಂಬತ್ತು ಜನವೂ ಸತ್ತರು. ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತೀರಿ ಅಂತ ಹಬ್ಬಿದ್ದ ಗಾಳಿಸುದ್ದಿ ಆ ಊರಿನ ಮಟ್ಟಿಗೆ ನಿಜವೇ ಆಗಿಹೋಯಿತು.

ಕೇಸು ಬೊಂಬಾಯಿಗೆ ಬಂತು. ಜಾಸ್ತಿ ಮದ್ದು ಬೇಗ ತಯಾರಿಸಲು ಹಾಫ್ಕಿನ್ ಕಾರ್ಬಾಲಿಕ್ ಹಾಕುವುದನ್ನು ಬಿಟ್ಟು ಬರೀ ಕಾಯಿಸುವುದಕ್ಕೆ ಬದಲಾಗಿದ್ದ. ತನಿಖೆಯವರು ಅದನ್ನೇ ಹಿಡಿದುಕೊಂಡರು. ಅವನನ್ನು ಕೆಲಸದಿಂದ ದೂರ ಇಟ್ಟರು. ಫ್ರಾನ್ಸಿನಲ್ಲಿ ಯಹೂದಿ ಅಧಿಕಾರಿ ಡ್ರೇಫಸ್ ಮೇಲೆ ಸುಳ್ಳು ಆರೋಪ ಹೊರಿಸಿದ್ದು ಇನ್ನೂ ಜನರ ನೆನಪಿನಲ್ಲಿತ್ತು. ಇದನ್ನು 'ಪುಟ್ಟ ಡ್ರೇಫಸ್ ಪ್ರಕರಣ' ಅಂತ ಕರೆದವರೂ ಇದ್ದಾರೆ.

ನಡೆದಿದ್ದು ತೀರಾ ಸಣ್ಣ ಸಂಗತಿ. ಮುಲ್ಕೊವಾಲಿನಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಟೆ ತೆಗೆದ. ಧನುರ್ವಾಯುವಿನ ಬೀಜ ಮಣ್ಣಿನಲ್ಲಿ ಇರುತ್ತದೆ. ಬೊಂಬಾಯಿಯಲ್ಲೇ ಅದು ಸೇರಿದ್ದರೆ ಅಷ್ಟು ದಿನಕ್ಕೆ ಬಾಟಲಿ ಗಬ್ಬು ನಾರಬೇಕಿತ್ತು. ತೆರೆದಾಗ ವಾಸನೆ ಇರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಇದನ್ನು ಹಿಡಿದು ವಾದ ಮಾಡಿದ. 1907ರ ಜುಲೈನಲ್ಲಿ ರಾಸ್ ಮತ್ತು ಇನ್ನೂ ಒಂಬತ್ತು ವಿಜ್ಞಾನಿಗಳು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದರು. ಸರ್ಕಾರ ಆಗ ಬಗ್ಗಿತು.

ಐದು ವರ್ಷ ಕಳೆದಿತ್ತು. ಬೊಂಬಾಯಿಯ ಪ್ರಯೋಗಾಲಯ ಬೇರೆಯವರ ಕೈಗೆ ಹೋಗಿತ್ತು. ಹಾಫ್ಕಿನ್ ಕಲ್ಕತ್ತೆಗೆ ವಾಪಸ್ ಬಂದ. ಅಲ್ಲಿ ಅವನಿಗೆ ಸಿಕ್ಕಿದ್ದು ಹೊಸ ಲಸಿಕೆಯನ್ನು ಜನರ ಮೇಲೆ ಪ್ರಯೋಗಿಸಲು ಅನುಮತಿ ಇಲ್ಲದ ಸಣ್ಣ ಹುದ್ದೆ. 55 ತುಂಬುವ ಹೊತ್ತಿಗೆ ನಿವೃತ್ತನಾಗಿ ಯುರೋಪಿಗೆ ಹೋದ. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟರು. ಆ ವರ್ಷದವರೆಗೆ ಅಲ್ಲಿಂದ ಹೊರಗೆ ಹೋಗಿದ್ದ ಪ್ಲೇಗಿನ ಮದ್ದು 2 ಕೋಟಿ 60 ಲಕ್ಷ ಡೋಸು. 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್ ಪಟ್ಟಣದಲ್ಲಿ ತೀರಿಕೊಂಡ. ಮದುವೆ ಆಗಿರಲಿಲ್ಲ.