ಜಿಐಎಸ್ ಫಲಿಸಿತೆಂದು ಹೇಳುವುದು ಯಾವಾಗ?

ಸ್ಥಳಗಳ ಮಾಹಿತಿಯನ್ನು ಕಂಪ್ಯೂಟರಿನ ನಕ್ಷೆಗೆ ಜೋಡಿಸಿ ತೋರಿಸುವ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು, ಅಂದರೆ ಜಿಐಎಸ್ ಅನ್ನು, ಅಳವಡಿಸಿಕೊಂಡ ಕಚೇರಿಗಳ ವರದಿಗಳಲ್ಲಿ ರಸ್ತೆ, ಕೆರೆ, ಜಮೀನು ಹೀಗೆ ಎಷ್ಟು ಪದರಗಳ ನಕ್ಷೆ ಸಿದ್ಧವಾಯಿತು, ಎಷ್ಟು ಸಿಬ್ಬಂದಿ ತರಬೇತಿ ಪಡೆದರು, ಎಷ್ಟು ಬಾರಿ ಲಾಗಿನ್ ಆಯಿತು ಎಂಬ ಅಂಕಿಗಳೇ ಸಾಮಾನ್ಯವಾಗಿ ತುಂಬಿರುತ್ತವೆ. ಇವು ಮಾಡಿದ ಕೆಲಸದ ಲೆಕ್ಕ. ಅದರಿಂದ ಬಂದ ಫಲದ ಲೆಕ್ಕ ಬೇರೆಯೇ ಇದೆ.

ಮಾಹಿತಿ ವ್ಯವಸ್ಥೆಗಳ ಯಶಸ್ಸನ್ನು ಅಳೆಯಲು ಸಂಶೋಧಕರಾದ ವಿಲಿಯಂ ಡಿಲೋನ್ ಮತ್ತು ಎಫ್ರೇಮ್ ಮೆಕ್ಲೀನ್ 1992ರಲ್ಲಿ ಆರು ಮಾನದಂಡಗಳನ್ನು ಮುಂದಿಟ್ಟರು: ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಬಳಕೆ, ಬಳಕೆದಾರರ ತೃಪ್ತಿ, ವ್ಯಕ್ತಿಯ ಮೇಲಿನ ಪರಿಣಾಮ ಮತ್ತು ಸಂಸ್ಥೆಯ ಮೇಲಿನ ಪರಿಣಾಮ. 2003ರಲ್ಲಿ ಸೇವೆಯ ಗುಣಮಟ್ಟವನ್ನು ಸೇರಿಸಿ, ಕೊನೆಯ ಎರಡನ್ನೂ ನಿವ್ವಳ ಪ್ರಯೋಜನ ಎಂದು ಒಂದುಗೂಡಿಸಿದರು. ಇವುಗಳಲ್ಲಿ ಬಳಕೆಯನ್ನು ಎಚ್ಚರದಿಂದ ನೋಡಬೇಕು. ಮೇಲಿನ ಆದೇಶದಿಂದ ಕಡ್ಡಾಯವಾದ ತಂತ್ರಾಂಶವನ್ನು ಎಲ್ಲರೂ ತೆರೆದೇ ತೆರೆಯುತ್ತಾರೆ. ಸಹಿ ಮಾತ್ರ ಕಾಗದದ ನಕ್ಷೆ ನೋಡಿಯೇ ಬೀಳುತ್ತಿರಬಹುದು.

ಮಾಹಿತಿಯ ಗುಣಮಟ್ಟದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್, ನಾವು ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಬಯಲಿನಲ್ಲಿಯೂ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್, ಎಂದರೆ 16 ಅಡಿ, ಅತ್ತಿತ್ತ ಆಗುವುದು ಸಹಜ. ಒಂದು ಗುಂಟೆಯ ಚೌಕದ ಬದಿಯೇ 33 ಅಡಿ. ಹೀಗಾಗಿ ಬದುವಿನ ಮೇಲೆ ನಿಂತವರಿಗೆ ಪಕ್ಕದ ಜಮೀನಿನ ಸರ್ವೆ ನಂಬರ್ ಕಾಣಿಸಿದರೆ ಆಶ್ಚರ್ಯವಿಲ್ಲ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಉಳಿದ ವ್ಯತ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ನಿವೇಶನ ಕೊಳ್ಳುವವರು ಅದು ಕೆರೆಯಂಗಳವೋ ರಾಜಕಾಲುವೆಯ ಜಾಗವೋ ಎಂದು ಮೊದಲ ಸುತ್ತಿನಲ್ಲಿ ಪರಿಶೀಲಿಸಲು ಇಷ್ಟು ನಿಖರತೆ ಬಹುತೇಕ ಸಾಕು. ಅಕ್ಕಪಕ್ಕದವರ ಒತ್ತುವರಿ ತಕರಾರಿಗೆ ಅದು ಏನೇನೂ ಸಾಲದು; ಅಲ್ಲಿ ಭೂಮಾಪಕರೇ ಬಂದು ಗಡಿ ಅಳೆದು ಹದ್ದುಬಸ್ತು ಮಾಡಬೇಕು. ಯಾವ ತೀರ್ಮಾನಕ್ಕಾಗಿ ಎಂದು ಹೇಳದೆ ನಿಖರತೆಗೆ ಅಂಕ ಕೊಡುವುದು ವ್ಯರ್ಥವೆಂಬುದು ನನ್ನ ಅಭಿಪ್ರಾಯ.

ನಿವ್ವಳ ಪ್ರಯೋಜನವನ್ನು ಅಳೆಯುವುದಕ್ಕೆ ಜಿಐಎಸ್ ಬರುವ ಮುಂಚಿನ ಸ್ಥಿತಿಯೂ ದಾಖಲಾಗಿರಬೇಕು: ಒಂದು ಅರ್ಜಿ ಎಷ್ಟು ದಿನ ಹಿಡಿಯುತ್ತಿತ್ತು, ಎಷ್ಟು ಅರ್ಜಿಗಳು ಮರುಅಳತೆಗೆ ಬರುತ್ತಿದ್ದವು ಎಂಬಷ್ಟಾದರೂ. (ಖರೀದಿಯ ಗಡಿಬಿಡಿಯಲ್ಲಿ ಇದನ್ನು ಬರೆದಿಡುವ ಪುರಸೊತ್ತು ಯಾರಿಗಿರುತ್ತದೆ!) ಕಡತ ಬೇಗ ಸಾಗಿದ್ದು ಜಿಐಎಸ್‌ನಿಂದಲೋ, ಅದೇ ವರ್ಷ ಭರ್ತಿಯಾದ ಭೂಮಾಪಕರ ಹುದ್ದೆಗಳಿಂದಲೋ ಎಂದು ಬಿಡಿಸಿ ನೋಡಲು, ಹೊಸ ವಿಧಾನದ ಕೆಲವು ತಾಲ್ಲೂಕುಗಳನ್ನು ಹಳೆಯ ವಿಧಾನದಲ್ಲೇ ಮುಂದುವರಿದ ತಾಲ್ಲೂಕುಗಳೊಡನೆ ಕೆಲಕಾಲ ಹೋಲಿಸಬೇಕಾಗುತ್ತದೆ, ಎಲ್ಲೆಡೆ ಒಂದೇ ದಿನ ಉದ್ಘಾಟನೆ ನೆರವೇರಿಸಿದರೆ ಆ ಹೋಲಿಕೆಗೆ ಅವಕಾಶವೇ ಉಳಿಯುವುದಿಲ್ಲ.